ಪ್ಯಾಚ್ ಬಂತು, ಹಳೆಯ ಸಹಿ ಉಳಿಯಿತು

2021ರ ಮೇ ತಿಂಗಳಲ್ಲಿ ಡೆಲ್ ಕಂಪನಿ ತನ್ನ ಒಂದು ಪುಟ್ಟ ಡ್ರೈವರಿಗೆ ಪ್ಯಾಚ್ ಹೊರಡಿಸಿತು. ಬಯಾಸ್ ಅಪ್‌ಡೇಟ್ ಮಾಡುವಾಗ ಟೆಂಪ್ ಫೋಲ್ಡರಿಗೆ ಬಂದು ಕೂರುವ ಆ ಫೈಲಿನ ಹೆಸರು ಡಿಬಿಯುಟಿಲ್_2_3. ಅದರಲ್ಲಿ ಸೆಂಟಿನೆಲ್‌ಒನ್ ಸಂಶೋಧಕರು ಐದು ಲೋಪಗಳನ್ನು ಕಂಡಿದ್ದರು. ಐದಕ್ಕೂ ಸೇರಿ ಸಿವಿಇ-2021-21551 ಎಂಬ ಒಂದೇ ಸಂಖ್ಯೆ. 2009ರಿಂದ ಕೋಟ್ಯಂತರ ಕಂಪ್ಯೂಟರುಗಳಿಗೆ ಹೋಗಿದ್ದ ಫೈಲು ಅದು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಗರ್ಭಗುಡಿ. ಅಲ್ಲಿ ಕೂತ ಈ ಡ್ರೈವರ್, ಕೇಳುತ್ತಿರುವವರು ಯಾರೆಂದು ವಿಚಾರಿಸುತ್ತಲೇ ಇರಲಿಲ್ಲ. ಮೆಮೊರಿಯ ಇಂಥ ವಿಳಾಸದಲ್ಲಿ ಇಷ್ಟು ಬರೆ ಎಂದು ಸಾಮಾನ್ಯ ಬಳಕೆದಾರನ ಪ್ರೋಗ್ರಾಂ ಹೇಳಿದರೂ ಚಾಚೂ ತಪ್ಪದೆ ಬರೆಯುತ್ತಿತ್ತು.

ಪ್ಯಾಚ್ ಬಂದ ಮೇಲೆ ಕಥೆ ಮುಗಿಯಬೇಕಿತ್ತು. ಆದರೆ ಅದೇ ವರ್ಷದ ಶರತ್ಕಾಲದಲ್ಲಿ ನೆದರ್‌ಲೆಂಡ್ಸ್‌ನ ವೈಮಾನಿಕ ಕಂಪನಿಯೊಂದರ ಉದ್ಯೋಗಿಗೆ ಅಮೆಜಾನ್ ಹೆಸರಿನಲ್ಲಿ ನಕಲಿ ಕೆಲಸದ ಆಹ್ವಾನ ಬಂತು. ಕಳಿಸಿದ್ದು ಉತ್ತರ ಕೊರಿಯಾದ ನಂಟಿನ ಲಾಜರಸ್ ತಂಡ ಎನ್ನುತ್ತದೆ ಇಸೆಟ್ ಸಂಸ್ಥೆಯ 2022ರ ವರದಿ. ಅದರ ಮೂಲಕ ನುಸುಳಿದ ದಾಳಿಕೋರರು ಆ ಉದ್ಯೋಗಿಯ ಯಂತ್ರದಲ್ಲಿ ಹಳೆಯ ಡ್ರೈವರ್ ಇದೆಯೇ ಎಂದು ಹುಡುಕುತ್ತ ಕೂರಲಿಲ್ಲ, ತಾವೇ ಹೊತ್ತು ತಂದರು. ಅದರ ಮೇಲಿದ್ದ ಡೆಲ್‌ನ ಡಿಜಿಟಲ್ ಸಹಿ ಅಸಲಿಯೇ ಆಗಿದ್ದರಿಂದ ವಿಂಡೋಸ್ ಬಾಗಿಲು ತೆರೆಯಿತು. ಒಳಹೊಕ್ಕವರು ವಿಂಡೋಸ್‌ನ ಏಳು ಬಗೆಯ ಕಾವಲು ವ್ಯವಸ್ಥೆಗಳನ್ನು ಸುಮ್ಮನಾಗಿಸಿದರು. ಮಾಲೀಕ ಪ್ಯಾಚ್ ಹಾಕಿಕೊಂಡಿದ್ದನೋ ಇಲ್ಲವೋ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಉಳಿಯಲಿಲ್ಲ. ಹೊಸ ನೋಟು ಅಚ್ಚು ಹಾಕಿ ಹಳೆಯದನ್ನೂ ಚಲಾವಣೆಯಲ್ಲಿ ಬಿಟ್ಟರೆ ಆಗುವುದೇ ಇದು. ಆದ್ದರಿಂದ ಡ್ರೈವರಿನ ವಿಷಯದಲ್ಲಿ ಲೋಪ ಸರಿಪಡಿಸುವುದು ಅರ್ಧ ಕೆಲಸ. ಹಳೆಯ ಪ್ರತಿಯ ಮೇಲಿನ ನಂಬಿಕೆಯನ್ನು ಹಿಂದಕ್ಕೆ ಪಡೆಯುವುದು ಉಳಿದರ್ಧ.

ಡ್ರೈವರ್ ಹಾಕಲು ಅಡ್ಮಿನ್ ಅಧಿಕಾರ ಬೇಕು, ಅದು ಸಿಕ್ಕವನಿಗೆ ಯಂತ್ರ ಆಗಲೇ ಸೋತಂತೆ, ಮತ್ತೇಕೆ ಈ ಗದ್ದಲ ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ತಥ್ಯವಿದೆ, ಆದರೆ ಪೂರ್ತಿಯಲ್ಲ. ಅಡ್ಮಿನ್ ಆಗಿ ಓಡಾಡುವ ಕಳ್ಳನನ್ನು ಭದ್ರತಾ ತಂತ್ರಾಂಶ ಇನ್ನೂ ನೋಡುತ್ತಿರುತ್ತದೆ. ಕರ್ನಲ್ ಹೊಕ್ಕವನು ಆ ಕಣ್ಣನ್ನೇ ಕಟ್ಟುತ್ತಾನೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಒಂದೇ ಪ್ರಮಾಣಪತ್ರದಿಂದ ಹಲವು ಡ್ರೈವರುಗಳಿಗೆ ಸಹಿ ಬಿದ್ದಿರಬಹುದು, ಅದನ್ನು ರದ್ದು ಮಾಡಿದರೆ ಯಾವ ತಪ್ಪೂ ಇಲ್ಲದವೂ ನಿಂತುಹೋಗುತ್ತವೆ. ನಿಜವೇ. ಆದರೆ ಇಡೀ ಪ್ರಮಾಣಪತ್ರವನ್ನು ಮುಟ್ಟದೆ ಆ ಒಂದು ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ಹಿಡಿದು ತಡೆಯಲು ಸಾಧ್ಯ. ಮೈಕ್ರೋಸಾಫ್ಟ್‌ನ ನಿರ್ಬಂಧ ಪಟ್ಟಿ ಮಾಡುವುದೂ ಇದನ್ನೇ. ತೊಡಕಿದ್ದದ್ದು ಉಪಾಯದಲ್ಲಲ್ಲ, ಉಸ್ತುವಾರಿಯಲ್ಲಿ: ಆ ಪಟ್ಟಿ ತಾನಾಗಿಯೇ ಚಾಲೂ ಇರುವಂತಾದದ್ದು ವಿಂಡೋಸ್ 11ರ 2022ರ ಅಪ್‌ಡೇಟ್‌ನಿಂದ, ಅಂದರೆ ಡೆಲ್ ಪ್ಯಾಚ್ ಹೊರಬಂದು ವರ್ಷ ಕಳೆದ ಮೇಲೆ.