ಆಂಗ್ಲರ ಅಪರಾಹ್ನದ ಚಹಾಕೂಟ

ಪ್ರಶ್ನೆ: ಇಂಗ್ಲೆಂಡಿನ ಮನೆಗಳಲ್ಲಿ ಅಪರಾಹ್ನದ ಚಹಾಕೂಟವನ್ನು ಏರ್ಪಡಿಸುವ ಕ್ರಮವೆಂತಹುದು?

ಉತ್ತರ: ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಸಿರಿವಂತರ ರಾತ್ರಿಭೋಜನವು ಎಂಟು ಗಂಟೆಯವರೆಗೂ ತಡವಾಗತೊಡಗಿದುದರಿಂದ, ನಡುವಣ ಹಸಿವನ್ನು ತಣಿಸಲೋಸುಗ 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನ್ನಾ ಎಂಬಾಕೆ ಈ ಪದ್ಧತಿಯನ್ನು ಆರಂಭಿಸಿದಳೆಂದು ಪ್ರತೀತಿಯುಂಟು. ನಾಲ್ಕು ಗಂಟೆಯ ವೇಳೆಗೆ ಮೇಜಿಗೆ ಶುಭ್ರವಸ್ತ್ರವನ್ನು ಹಾಸಿ, ಪಿಂಗಾಣಿಯ ಬಟ್ಟಲುಗಳನ್ನು ಅಣಿಗೊಳಿಸಿ, ಚಹದ ಪಾತ್ರೆಯನ್ನು ಬಿಸಿನೀರಿನಿಂದ ಬೆಚ್ಚಗಾಗಿಸಿ, ಆ ನೀರನ್ನು ಚೆಲ್ಲಿದ ಬಳಿಕ ಚಹದ ಎಲೆಯನ್ನು ಹಾಕಿ, ಕುದಿನೀರನ್ನೆರೆದು ಮೂರರಿಂದ ಐದು ನಿಮಿಷ ಮುಚ್ಚಿಡುವುದು ವಾಡಿಕೆ; ನಮ್ಮಲ್ಲಿಯಂತೆ ಹಾಲು ಸಕ್ಕರೆಗಳನ್ನು ಕೂಡಿಸಿ ಕುದಿಸುವ ಪರಿಪಾಠ ಅಲ್ಲಿಲ್ಲ. ಮೂರಂತಸ್ತಿನ ತಟ್ಟೆಯಲ್ಲಿ ಕೆಳಗೆ ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್ಚುಗಳೂ ನಡುವೆ ಸ್ಕೋನುಗಳೆಂಬ ಸಣ್ಣ ಬನ್ನುಗಳೂ ಮೇಲೆ ಕೇಕುಗಳೂ ಇರತಕ್ಕದ್ದು. ತಿನ್ನುವುದೂ ಕೆಳಗಿನಿಂದ ಮೇಲಕ್ಕೆ. ಬಿಸಿ ಸ್ಕೋನನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಡೆವನ್ ಪ್ರಾಂತದವರು ಮೊದಲು ಗಟ್ಟಿಕೆನೆಯನ್ನೂ, ನೆರೆಯ ಕಾರ್ನ್‌ವಾಲಿನವರು ಮೊದಲು ಜಾಮನ್ನೂ ಸವರುವರು. ಈ ವಿಷಯದಲ್ಲಿ ಅವರ ವಿವಾದ ಇಂದಿಗೂ ಬಗೆಹರಿದಿಲ್ಲ. ಮನೆಯಲ್ಲಿ ಪ್ರಯೋಗಿಸಬಯಸುವವರು ಸೌತೆಯ ಬಿಲ್ಲೆಗಳಿಗೆ ಉಪ್ಪು ಸವರಿ, ಒಸರಿದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಬ್ರೆಡ್ಡಿನ ಅಂಚಿನವರೆಗೂ ಬೆಣ್ಣೆ ಹಚ್ಚುವುದನ್ನು ಮರೆಯದಿರಲಿ. ಇಲ್ಲವಾದರೆ ಅತಿಥಿಗಳು ಬರುವಷ್ಟರಲ್ಲಿ ಬ್ರೆಡ್ಡು ನೆನೆದು ಮೆತ್ತಗಾಗುವುದು.