ಉದಕಮಂಡಲ

ಕರ್ನಾಟಕ, ಕೇರಳ, ತಮಿಳುನಾಡುಗಳು ಸಂಧಿಸುವ ಎಡೆಯಲ್ಲಿ ನೀಲಗಿರಿ ಬೆಟ್ಟಗಳು ಹರಡಿಕೊಂಡಿವೆ. ಅವುಗಳ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿ ತಮಿಳುನಾಡಿನ ಉದಕಮಂಡಲವಿದೆ. ಊಟಿ ಎಂಬುದು ಅದರ ಬಳಕೆಯ ಹೆಸರು. ಇದು ಆಂಗ್ಲರು ನಿರ್ಮಿಸಿದ ಗಿರಿಧಾಮವೆಂದು ಹೇಳುವುದು ವಾಡಿಕೆ. ಆದರೆ ಅವರು ಬರುವ ಮೊದಲೂ ಈ ಬೆಟ್ಟಗಳು ನಿರ್ಜನವಾಗಿರಲಿಲ್ಲ. ಎಮ್ಮೆಗಳನ್ನು ಸಾಕುವ ತೋಡರು, ಕಮ್ಮಾರಿಕೆ ಕುಂಬಾರಿಕೆಗಳಲ್ಲಿ ನಿಪುಣರಾದ ಕೋತರು, ಬೇಸಾಯಗಾರರಾದ ಬಡಗರು ಇಲ್ಲಿ ಬಾಳುತ್ತಿದ್ದರು. ಬಡಗರ ನುಡಿ ಕನ್ನಡಕ್ಕೆ ಬಹಳ ಹತ್ತಿರವಾದುದು. ಇಲ್ಲಿಯ ಅತ್ಯುನ್ನತ ಶಿಖರದ ಹೆಸರೇ ದೊಡ್ಡಬೆಟ್ಟ. ಅದರ ಎತ್ತರ 2,637 ಮೀಟರು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ನೀಲಗಿರಿಯು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿದನು. ಇಲ್ಲಿಯ ತಂಪು ಹವೆ ಅವನ ಮನಸ್ಸನ್ನು ಸೆಳೆಯಿತು. 1822ರಲ್ಲಿ ಆತನು ಉದಕಮಂಡಲದಲ್ಲಿ ಕಲ್ಲಿನ ಮನೆಯೊಂದನ್ನು ಕಟ್ಟಿಸತೊಡಗಿದನು. ಮುಂದೆ ತೊರೆಗೆ ಅಡ್ಡಲಾಗಿ ಏರಿ ಹಾಕಿಸಿ ಕೆರೆಯನ್ನು ನಿರ್ಮಿಸಿದನು. ಈ ನೆಲದ ಒಡೆತನ ತೋಡರದೆಂದು ವಾದಿಸಿದವನೂ ಆತನೇ. ಸರ್ಕಾರವು ಆ ವಾದವನ್ನು ಪೂರ್ಣವಾಗಿ ಒಪ್ಪಲಿಲ್ಲ. ಎಮ್ಮೆಗಳು ಮೇಯುತ್ತಿದ್ದ ಎಷ್ಟೋ ಹುಲ್ಲುಗಾವಲುಗಳಲ್ಲಿ ಕ್ರಮೇಣ ಬಂಗಲೆಗಳೂ ತೋಟಗಳೂ ಎದ್ದವು.

ಉದಕಮಂಡಲವು ಮದರಾಸು ಪ್ರಾಂತದ ಬೇಸಗೆಯ ರಾಜಧಾನಿಯಾಯಿತು. 1830ರ ಸುಮಾರಿನಲ್ಲಿ ಇಲ್ಲಿ ಸಂತ ಸ್ಟೀಫನ್ನರ ಇಗರ್ಜಿ ತಲೆಯೆತ್ತಿತು. ಅದರ ತೊಲೆಗಳನ್ನು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ತರಲಾಯಿತು. 1848ರಲ್ಲಿ ಸಸ್ಯೋದ್ಯಾನಕ್ಕೆ ಮೊದಲಾಯಿತು. ಮ್ಯಾಕೈವರ್ ಎಂಬ ತೋಟಗಾರಿಕಾ ತಜ್ಞನು ಅದನ್ನು ರೂಪಿಸಿದನು. ಮೆಟ್ಟುಪಾಳ್ಯದಿಂದ ಹೊರಟ ರೈಲುಮಾರ್ಗವು 1899ರಲ್ಲಿ ಕೂನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿತು. ಇದರ ಉದ್ದ ಸುಮಾರು 46 ಕಿಲೋಮೀಟರು. ಕಡಿದಾದ ಏರಿನಲ್ಲಿ ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಹಿಡಿದುಕೊಳ್ಳುವುದರಿಂದ ಬಂಡಿ ಹಿಂದಕ್ಕೆ ಜಾರುವುದಿಲ್ಲ. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಸೊಬಗಿಗೆ ತೆತ್ತ ಬೆಲೆಯೂ ಉಂಟು. ಕಣಿವೆಗಳ ಶೋಲಾ ಕಾಡುಗಳೂ ಅವನ್ನು ಸುತ್ತುವರಿದ ಹುಲ್ಲುಗಾವಲುಗಳೂ ಮಳೆನೀರನ್ನು ಹೀರಿಟ್ಟುಕೊಂಡು ತೊರೆಗಳಿಗೆ ನಿಧಾನವಾಗಿ ಬಿಡುತ್ತವೆ. ಆ ನೀರು ಮೋಯಾರು, ಭವಾನಿ ನದಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಚಹಾ, ನೀಲಗಿರಿ ಮರ ಮೊದಲಾದ ಹೊರನಾಡಿನ ಬೆಳೆಗಳು ಹಬ್ಬಿದಂತೆ ಇವುಗಳ ಬಹುಭಾಗ ಅಳಿಯಿತು. ಉಳಿದುದನ್ನು ಕಾಪಾಡುವುದು ಬಯಲುಸೀಮೆಯವರ ಹಿತಕ್ಕೂ ಅಗತ್ಯವಾದುದು.

ತೋಡರ ವಸತಿಗೆ 'ಮಂದು' ಎಂದು ಹೆಸರು. ಉದಕಮಂಡಲವೆಂಬ ಹೆಸರಿನಲ್ಲಿ ಆ ಪದವೇ ಅಡಗಿದೆ. ಊರನ್ನು ಕಟ್ಟಿದವರ ಹೆಸರು ಕಟ್ಟಡಗಳಲ್ಲಿ ಉಳಿದಿದ್ದರೆ, ನೆಲವನ್ನು ಕಾಯ್ದವರ ನೆನಪು ಊರಿನ ಹೆಸರಿನಲ್ಲೇ ಉಳಿದಿದೆ.