ಹಿತ್ತಲಿನ ಅತಿಥಿಗಳು

ಚೈತ್ರಮಾಸ ಬಂದಿತೆಂದರೆ ಮಾವಿನ ಚಿಗುರನ್ನೂ ಕೋಗಿಲೆಯನ್ನೂ ನೆನೆಯುವುದು ನಮ್ಮಲ್ಲಿ ವಾಡಿಕೆ. ಆದರೆ ಕೋಗಿಲೆಯ ದನಿಯನ್ನು ಕೇಳಿದವರೆಲ್ಲರೂ ಕೋಗಿಲೆಯನ್ನು ಕಂಡವರಲ್ಲ. ಕಂಡವರಲ್ಲಿಯೂ, ‘ಕುಹೂ’ ಎಂದು ಹಾಡುವುದು ಕಪ್ಪು ಬಣ್ಣದ ಗಂಡೆಂದೂ, ಮೈಮೇಲೆ ಬಿಳಿಯ ಚುಕ್ಕೆಗಳಿರುವ ಕಂದು ಹಕ್ಕಿಯೇ ಅದರ ಹೆಣ್ಣೆಂದೂ ಬಲ್ಲವರು ಕಡಮೆ. ಕಾಡಿಗೆ ಹೋಗಿ ಹುಲಿಯನ್ನು ನೋಡಬೇಕೆಂದು ಹಂಬಲಿಸುವ ನಾವು, ಬಾವಿಕಟ್ಟೆಯ ಬಳಿಗೆ ದಿನವೂ ಬಂದು ಹೋಗುವ ಈ ಅತಿಥಿಗಳ ಕಡೆಗೆ ಕಣ್ಣೆತ್ತಿ ನೋಡುವುದಿಲ್ಲ. ಇದು ಸೋಜಿಗವಲ್ಲವೆ?

ಹಕ್ಕಿಗಳನ್ನು ನೋಡಲು ವಸಂತಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ. ನಮ್ಮ ಬಯಲುಸೀಮೆಯಲ್ಲಿ ಮಾಘ ಫಾಲ್ಗುಣಗಳಲ್ಲಿಯೇ ಮುತ್ತುಗ, ಹಾಲುವಾಣಗಳು ಕೆಂಪಾಗಿ ಅರಳುತ್ತವೆ. ಆ ಹೂಗಳ ಮಕರಂದಕ್ಕಾಗಿ ಗೊರವಂಕ, ಸೂರಕ್ಕಿ, ಕಾಜಾಣಗಳು ಮುತ್ತುತ್ತವೆ. ಚಳಿಗಾಲದಲ್ಲಿ ಹೆಚ್ಚಾಗಿ ಮೌನವಾಗಿದ್ದ ಕಪ್ಪುಬಿಳುಪಿನ ಮಡಿವಾಳ ಹಕ್ಕಿ, ಈಗ ನಸುಕಿನಲ್ಲಿಯೇ ಮರದ ತುದಿಯನ್ನೇರಿ ಹಾಡತೊಡಗುತ್ತದೆ. ಹಾಡು ಬರಿಯ ಸಂತೋಷಕ್ಕಲ್ಲ. ‘ಇದು ನನ್ನ ಜಾಗ, ಇಲ್ಲಿಗೆ ಬೇರೆ ಗಂಡು ಬರಕೂಡದು’ ಎಂಬ ಡಂಗುರವೂ ಹೌದು. ಎಲ್ಲಿಯೋ ಕಂಚುಗಾರನು ಪಾತ್ರೆ ಬಡಿಯುತ್ತಿರುವಂತೆ ‘ಟೊಂಕ್, ಟೊಂಕ್’ ಎಂದು ಕೇಳಿಬಂದರೆ, ಅದು ಕುಟ್ರ ಜಾತಿಯ ಪುಟ್ಟ ಹಸುರು ಹಕ್ಕಿ. ಒಣಗಿದ ಕೊಂಬೆಯನ್ನು ಕೊರೆದು ಅದು ಗೂಡು ಮಾಡುತ್ತದೆ. ಒಣಕೊಂಬೆ ನಿಷ್ಪ್ರಯೋಜಕವೆಂದು ನಾವು ಕಡಿಯುವಾಗ ಯಾರದೋ ಮನೆಯನ್ನು ಕಡಿದಿರುತ್ತೇವೆ.

ನೋಡುವುದಕ್ಕೆ ದುರ್ಬೀನು ಬೇಕೇಬೇಕೆಂದಿಲ್ಲ. ಸೂರ್ಯೋದಯವಾದ ಮೇಲಿನ ಒಂದು ಗಂಟೆ, ಅಲುಗಾಡದೆ ಕೂರುವ ತಾಳ್ಮೆ, ಒಂದು ನೋಟುಪುಸ್ತಕ, ಇಷ್ಟಿದ್ದರೆ ಸಾಕು. ಹಕ್ಕಿಯ ಕೊಕ್ಕಿನಲ್ಲಿ ಏನಿದೆ ಎಂಬುದನ್ನು ಗಮನಿಸಿರಿ. ನಾರು ಕಡ್ಡಿಗಳಿದ್ದರೆ ಗೂಡಿನ ಕೆಲಸ ನಡೆದಿದೆ. ಹುಳುವನ್ನು ಹಿಡಿದೂ ನುಂಗದೆ ಹಾರಿಹೋದರೆ ಬಹುಶಃ ಗೂಡಿನಲ್ಲಿ ಮರಿಗಳಿವೆ. ಬಿಳಿಯ ಸಣ್ಣ ಉಂಡೆಯಂತಹುದನ್ನು ಕಚ್ಚಿಕೊಂಡು ಹೊರಗೆ ಒಯ್ದರೆ, ತಾಯಿಯು ಮರಿಯ ಮಲವನ್ನು ಎತ್ತಿ ದೂರ ಎಸೆದು ಮನೆಯನ್ನು ಚೊಕ್ಕಟ ಮಾಡುತ್ತಿದೆ ಎಂದರ್ಥ. ಗೂಡಿನೊಳಗೆ ಇಣುಕದೆಯೇ ಇಷ್ಟೆಲ್ಲ ತಿಳಿಯುತ್ತದೆ. ಇಣುಕಲೂ ಕೂಡದು, ನಮ್ಮ ಓಡಾಟವನ್ನು ನೋಡಿಯೇ ಕಾಗೆಗಳು ಗೂಡಿನ ಗುಟ್ಟನ್ನು ಕಂಡುಕೊಳ್ಳುತ್ತವೆ.

ಇನ್ನು ಆಹಾರದ ವಿಷಯ. ಹಕ್ಕಿಗೆ ಕಾಳು ಹಾಕುವುದು ನಮ್ಮ ಹಿರಿಯರಿಗೆ ಧರ್ಮವಾಗಿತ್ತು. ಒಳ್ಳೆಯದು. ಆದರೆ ದಾನಕ್ಕೂ ವಿವೇಕ ಬೇಕು. ಗುಬ್ಬಚ್ಚಿ, ಬೆಳವಗಳಿಗೆ ನವಣೆ, ರಾಗಿ, ನುಚ್ಚಕ್ಕಿ ಸಲ್ಲುತ್ತವೆ. ಬಾಲದ ಬುಡದಲ್ಲಿ ಕೆಂಪು ಬಣ್ಣವಿರುವ ಪಿಕಳಾರ, ಗೊರವಂಕ, ಕೋಗಿಲೆಗಳಿಗೆ ಬಾಳೆ, ಪರಂಗಿ ಹಣ್ಣಿನ ಹೋಳುಗಳು ಪ್ರಿಯ. ಉಪ್ಪು ಬೆರೆತ ಉಳಿಕೆ, ಕರಿದ ತಿಂಡಿ, ಬೂಸಲು ಹಿಡಿದ ಬ್ರೆಡ್ಡು ಇವುಗಳನ್ನು ಹಾಕಬಾರದು. ಬೆಳಗ್ಗೆ ಹಾಕಿದುದು ಮಧ್ಯಾಹ್ನದೊಳಗೆ ಮುಗಿಯುವಷ್ಟಿದ್ದರೆ ಸಾಕು. ಹೆಚ್ಚಾದುದು ಕೊಳೆತು ರೋಗಕ್ಕೆ ಎಡೆ ಮಾಡುವುದಲ್ಲದೆ, ಇಲಿ ಬೆಕ್ಕುಗಳನ್ನೂ ಕರೆಯುತ್ತದೆ. ಕಾಳು ಹಾಕುವ ತಟ್ಟೆಯನ್ನು ಆಗಾಗ ತೊಳೆಯದಿದ್ದರೆ ಒಂದು ಹಕ್ಕಿಯ ಕಾಯಿಲೆ ಹತ್ತು ಹಕ್ಕಿಗಳಿಗೆ ಅಂಟುವುದು.

ಅನ್ನಕ್ಕಿಂತ ನೀರು ಮುಖ್ಯ. ಬೇಸಗೆಯಲ್ಲಿ ಕೆರೆಕುಂಟೆಗಳು ಬತ್ತಿದಾಗ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರನ್ನು ನೆರಳಿನಲ್ಲಿಡಬಹುದು. ಆಳ ಎರಡು ಅಂಗುಲವನ್ನು ಮೀರದಿರಲಿ. ನಡುವೆ ಒಂದೆರಡು ಕಲ್ಲುಗಳಿದ್ದರೆ ಸಣ್ಣ ಹಕ್ಕಿಗಳಿಗೆ ಕಾಲೂರಲು ಅನುಕೂಲ. ನೀರನ್ನು ದಿನವೂ ಚೆಲ್ಲಿ ಹೊಸದನ್ನು ತುಂಬಬೇಕು. ಸೊಳ್ಳೆಯ ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಹಲವು ದಿನಗಳು ಬೇಕಾದುದರಿಂದ, ದಿನವೂ ಬದಲಾಯಿಸಿದ ನೀರಿನಲ್ಲಿ ಸೊಳ್ಳೆ ಹುಟ್ಟದು.

ಈಗ ಒಂದು ಮುಖ್ಯವಾದ ಪ್ರಶ್ನೆ. ನಾವು ಹಾಕುವ ಕಾಳಿನಿಂದ ಹಕ್ಕಿಯ ಸಂಸಾರ ನಡೆಯುತ್ತದೆಯೆ? ನಡೆಯುವುದಿಲ್ಲ. ಕಾಳು ತಿಂದು ಬದುಕುವ ಗುಬ್ಬಚ್ಚಿಯೂ ತನ್ನ ಎಳೆಯ ಮರಿಗೆ ತಿನ್ನಿಸುವುದು ಹೆಚ್ಚಾಗಿ ಹುಳುಹುಪ್ಪಟೆಗಳನ್ನು. ಮಕರಂದ ಕುಡಿಯುವ ಸೂರಕ್ಕಿಯೂ ಮರಿಗೆ ಜೇಡ, ಕೀಟಗಳನ್ನು ತರುತ್ತದೆ. ಬೆಳೆಯುವ ಮೈಗೆ ಸಸಾರಜನಕ ಬೇಕು. ಅದು ನುಚ್ಚಿನಲ್ಲಿ ಸಾಲದು. ಹೀಗಿರುವಾಗ, ಹಿತ್ತಲಿಗೆಲ್ಲ ಸಿಮೆಂಟು ಬಳಿದು, ಗಿಡಗಳಿಗೆ ಕೀಟನಾಶಕ ಸಿಂಪಡಿಸಿ, ಆಮೇಲೆ ಮಾಳಿಗೆಯ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿದರೆ ಏನು ಬಂತು? ತಾಯಿಯನ್ನು ಊಟಕ್ಕೆ ಕರೆದು ಕೂಸನ್ನು ಉಪವಾಸ ಕೆಡವಿದಂತಾಯಿತು.

ಗುಬ್ಬಚ್ಚಿಯು ಹುಳುವನ್ನು ತಿನ್ನುವುದೆಂಬ ಸಣ್ಣ ಸಂಗತಿಯನ್ನು ಮರೆತುದರ ಫಲವನ್ನು ಚೀನಾ ದೇಶ ಉಂಡಿದೆ. 1958ರಲ್ಲಿ ಅಲ್ಲಿನ ಸರ್ಕಾರವು ಗುಬ್ಬಚ್ಚಿಯನ್ನು ಧಾನ್ಯಚೋರನೆಂದು ಸಾರಿ, ಜನರೆಲ್ಲ ತಮಟೆ ತಟ್ಟಿ ಓಡಿಸಿ ಕೊಲ್ಲುವಂತೆ ಮಾಡಿತು. ಗುಬ್ಬಚ್ಚಿ ಅಳಿದಲ್ಲಿ ಕೀಟ ಬೆಳೆಯಿತು, ಪೈರಿಗೆ ಹಾನಿಯಾಯಿತು. 1960ರಲ್ಲಿ ಶತ್ರುಗಳ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು, ಆ ಸ್ಥಾನದಲ್ಲಿ ತಿಗಣೆಯನ್ನು ಸೇರಿಸಬೇಕಾಯಿತು.

ಕಾಗೆ ಕೋಗಿಲೆಗಳ ಸಂಬಂಧವೂ ಇಂತಹ ಸೂಕ್ಷ್ಮವನ್ನೇ ಹೇಳುತ್ತದೆ. ಕೋಗಿಲೆಗೆ ಗೂಡು ಕಟ್ಟಲು ಬಾರದು. ಕಾಗೆಯ ಗೂಡಿನಲ್ಲಿ ಅದು ಮೊಟ್ಟೆಯಿಡುತ್ತದೆ. ಕೋಗಿಲೆಯ ಮೊಟ್ಟೆ ಬೇಗ ಒಡೆಯುವುದರಿಂದ ಆ ಮರಿಗೆ ಊಟದಲ್ಲಿ ಮೊದಲ ಪಂಕ್ತಿ. ಕಾಗೆಯನ್ನು ಹಳಿದು ಕೋಗಿಲೆಯನ್ನು ಹೊಗಳುವವರು, ಆ ಇಂಪಾದ ಕಂಠವನ್ನು ಸಾಕಿದ್ದು ಕಾಗೆಯ ತುತ್ತೇ ಎಂಬುದನ್ನು ನೆನೆಯಬೇಕು. ಹಾಗೆಂದು ಕಾಗೆಗೆ ಮಿತಿಯಿಲ್ಲದೆ ಅನ್ನ ಸುರಿಯುವುದೂ ತಪ್ಪು. ಕಾಗೆಗಳು ಹೆಚ್ಚಾದ ಕಡೆ ಪಿಕಳಾರ, ಸಿಂಪಿಗ ಹಕ್ಕಿಗಳ ಮೊಟ್ಟೆಮರಿಗಳಿಗೆ ಉಳಿಗಾಲವಿಲ್ಲ.

ಹಾಗಾದರೆ ಮಾಡಬೇಕಾದುದೇನು? ಹಿತ್ತಲಿನ ಒಂದು ಮೂಲೆಯನ್ನಾದರೂ ಗುಡಿಸದೆ ಬಿಡೋಣ. ಅಲ್ಲಿ ತರಗೆಲೆ ಕೊಳೆಯಲಿ, ಹುಳು ಹುಟ್ಟಲಿ. ದಾಸವಾಳ, ಸೀಬೆ, ಕರಿಬೇವುಗಳು ಬೆಳೆಯಲಿ. ಸಿಂಪಿಗ ಹಕ್ಕಿಗೆ ಎರಡು ಅಗಲವಾದ ಎಲೆಗಳೂ ಒಂದಿಷ್ಟು ಹತ್ತಿಯ ಎಳೆ, ಜೇಡರ ನೂಲೂ ಸಿಕ್ಕರೆ ಅದೇ ಮನೆಯನ್ನು ಹೊಲಿದುಕೊಳ್ಳುತ್ತದೆ. ಹಂಚಿನ ಮನೆಗಳ ಸಂದುಗಳು ಮಾಯವಾಗಿರುವುದರಿಂದ, ಗುಬ್ಬಚ್ಚಿಗಾಗಿ ಸೂರಿನಡಿ ಒಂದು ಮರದ ಪೆಟ್ಟಿಗೆಯನ್ನು ತೂಗುಹಾಕಬಹುದು. ಗಿಳಿಯ ಮೇಲೆ ಪ್ರೀತಿಯಿದ್ದರೆ ಮರದ ಪೊಟರೆಯನ್ನು ಉಳಿಸೋಣ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಇದು ಹುಡುಗಾಟದ ವಿದ್ಯೆಯೆಂದು ಯಾರೂ ಎಣಿಸಬೇಕಾಗಿಲ್ಲ. ಬಾಲಕ ಸಲೀಂ ಅಲಿಯವರು ತಾವೇ ಹೊಡೆದ ಒಂದು ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಗುರುತನ್ನು ಕಂಡು, ಅದೇನೆಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಆ ಒಂದು ಪ್ರಶ್ನೆಯೇ ಅವರ ಜೀವನದ ದಾರಿಯಾಯಿತು. ಮುಂದೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದುದಕ್ಕೆ ಅವರ ಸಲಹೆಯೇ ಪ್ರೇರಣೆ. ಇಂದು ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಗಣತಿಯಲ್ಲಿ, ಪ್ರತಿವರ್ಷ ಫೆಬ್ರವರಿಯ ನಾಲ್ಕು ದಿನ, ಕನಿಷ್ಠ 15 ನಿಮಿಷ ಕುಳಿತು ಹಕ್ಕಿಗಳನ್ನು ಎಣಿಸಿ ಯಾರಾದರೂ ತಮ್ಮ ಲೆಕ್ಕವನ್ನು ಕಳುಹಿಸಬಹುದು. ಭಾರತವು 2013ರಿಂದ ಇದರಲ್ಲಿ ಸೇರಿದೆ. ಕಾಲೇಜುಗಳ ಆವರಣಗಳಲ್ಲಿಯೂ ಈ ಎಣಿಕೆ ನಡೆಯುತ್ತದೆ.

ನಮ್ಮ ಕಾಲೇಜಿನ ಅಂಗಳದಲ್ಲಿಯೂ ಮರಗಳಿವೆ, ಹಕ್ಕಿಗಳಿವೆ. ವಿದ್ಯಾರ್ಥಿಮಿತ್ರರು ಮುಂದಿನ ವರ್ಷದ ಸಂಚಿಕೆಗೆ ಅವುಗಳ ಒಂದು ಪಟ್ಟಿಯನ್ನಾದರೂ ಸಿದ್ಧಪಡಿಸಲಿ. ಹೆಸರು ತಿಳಿದ ಹಕ್ಕಿ ಇಲ್ಲವಾದರೆ ನಮಗೆ ಗೊತ್ತಾಗುತ್ತದೆ. ಹೆಸರೇ ತಿಳಿಯದ ಹಕ್ಕಿ ಹೊರಟುಹೋದರೆ ಯಾರು ಕೇಳುವರು?